ಜೀವಗಲ್ಲು ಹುಡುಕುತ್ತಾ...

ಈ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯಿತು. ಕಾರಣ ಹೇಳಿದರೆ ನಗ್ತೀರಿ. ಕಲ್ಲು ಆರಿಸ್ತಾ ಇದ್ದೆ :-)

ಹೌದು, ಕಲ್ಲು. ಜೊತೆಗೆ ಒಂದಿಷ್ಟು ಮರಳು. ಮನೆಯ ಹಾಲಿನಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯೊಂದು ಬಂದು ಕೂತಿದೆ. ಹೆಚ್ಚುಕಮ್ಮಿ 190 ಲೀಟರ್ ನೀರು ಹಿಡಿಯುತ್ತೆ. ಹತ್ತನೇ ಹುಟ್ಟುಹಬ್ಬಕ್ಕೆ 'ನೆಮೊ' ಮೀನು ತಂದುಕೊಡ್ತೀನಿ ಅಂತ ಯಾವತ್ತೋ ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದೆ. ಮಕ್ಕಳು ಬೇರೆಲ್ಲ ಮರೀತಾರೆ, ಇಂಥದ್ದನ್ನು ಮಾತ್ರ ಮರೆಯೋಲ್ಲ ನೋಡಿ. ಹುಟ್ಟುಹಬ್ಬ ಬಂತು, ಹೋಯಿತು. ತೊಟ್ಟಿಯಲ್ಲಿ ಮೀನಿಲ್ಲ.

ಸಿಹಿನೀರಿನ ತೊಟ್ಟಿಯಾದರೆ ಇಷ್ಟು ರಾಮಾಯಣ ಇರಲಿಲ್ಲ. ಉಪ್ಪುನೀರಿಗೆ ಕೈ ಹಾಕಿದರೆ ಮೊದಲು ಕೊಳ್ಳಬೇಕಾದದ್ದು ಮೀನಲ್ಲ, ಕಲ್ಲು ಮತ್ತು ಮರಳು. ಅದೂ ಎಂಥೆಂಥದ್ದೋ ಅಲ್ಲ, ಲೈವ್ ರಾಕ್, ಲೈವ್ ಸ್ಯಾಂಡ್ ಅಂತ ಕರೆಯೋದು. ನಾನು ಜೀವಗಲ್ಲು, ಜೀವಮರಳು ಅಂತ ಹೆಸರಿಟ್ಟುಕೊಂಡಿದ್ದೀನಿ. ಇದಕ್ಕಿಂತ ಒಳ್ಳೆ ಪದ ನಿಮಗೆ ಹೊಳೆದರೆ ಹೇಳಿ, ಬದಲಾಯಿಸಿಕೊಳ್ತೀನಿ.

ಕಲ್ಲಿಗೆ ಎಲ್ಲಿಯ ಜೀವ ಅಂತೀರಾ? ಕಲ್ಲಿಗಿಲ್ಲ, ನಿಜ. ಅದು ಎಂದೋ ಸತ್ತ ಹವಳಗಳ ಎಲುಬುಗೂಡು. ಅಂದರೆ ಬರೀ ಸುಣ್ಣ. ಆದರೆ ಮೈಯೆಲ್ಲ ತೂತು. ಆ ತೂತುಗಳ ತುಂಬ ಬ್ಯಾಕ್ಟೀರಿಯ, ಪಾಚಿ, ಸ್ಪಂಜು, ಹುಳ, ಏಡಿಮರಿ. ಮೀನು ಉಚ್ಚೆ ಹೊಯ್ದು, ತಿಂದುಬಿಟ್ಟ ಆಹಾರ ಕೊಳೆತು ನೀರಲ್ಲಿ ಅಮೋನಿಯ ಸೇರುತ್ತಲ್ಲ, ಅದು ಮೀನಿಗೆ ವಿಷ. ಕಲ್ಲಿನ ಹೊರಮೈಯಲ್ಲಿರೋ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಮಾಡ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತೆ. ಕಲ್ಲಿನ ಹೊಟ್ಟೆಯೊಳಗೆ ಆಮ್ಲಜನಕ ತಲುಪದ ಜಾಗದಲ್ಲಿ ಮತ್ತೊಂದು ಗುಂಪು ಕೂತಿರುತ್ತೆ. ಅದು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತೆ. ಹೀಗಾಗಿ ಒಂದು ಕಲ್ಲು ಅಂದರೆ ಒಂದು ಕೊಳಚೆ ಸಂಸ್ಕರಣಾ ಘಟಕ, ಕರೆಂಟಿಲ್ಲದೆ ನಡೆಯುವಂಥದ್ದು.

ಹಳೇ ಲೆಕ್ಕದ ಪ್ರಕಾರ ನನ್ನ ತೊಟ್ಟಿಗೆ 20ರಿಂದ 30 ಕೆಜಿ ಕಲ್ಲು ಬೇಕು. ಹುಡುಕಿಕೊಂಡು ಹೊರಟೆ.

ಬೆಂಗಳೂರಿನ ಒಂದು ಅಂಗಡಿ, ಯಾವುದು ಅಂತ ಹೇಳೋಲ್ಲ. ಮುಂದೆ ಗೋಲ್ಡ್‌ಫಿಶ್ಶು, ಗಪ್ಪಿ. ಹಿಂದಿನ ಕೋಣೆಗೆ ಕರಕೊಂಡು ಹೋಗಿ ಒದ್ದೆ ಗೋಣಿಚೀಲ ಸರಿಸಿದ. ನೀಲಿ ಟಬ್ಬಿನಲ್ಲಿ ಹತ್ತೆಂಟು ಕಲ್ಲು. ನೇರಳೆ ಬಣ್ಣದ ಕಲೆ, ಹಸಿರು ಕೂದಲಿನಂಥ ಪಾಚಿ, ಒಂದರ ತುದಿಯಲ್ಲಿ ಹೆಬ್ಬೆರಳಷ್ಟು ಜಾಗದಲ್ಲಿ ಹೂವು ಮುಚ್ಚಿದಂತಿದ್ದ ಹವಳ, ಇನ್ನೂ ಜೀವಂತ. ಒಂದು ಏಡಿಮರಿ ಇಣುಕಿ ಒಳಗೆ ಸರಿಯಿತು.

"ರಾಮೇಶ್ವರದ ಕಡೆ ಮಾಲು ಸಾರ್. ಇಂಥದ್ದು ಇನ್ನು ಸಿಗಲ್ಲ."

"ಬಿಲ್ ಕೊಡ್ತೀರಾ?"

"ಇದಕ್ಕೆಲ್ಲ ಬಿಲ್ ಬರಲ್ಲ ಸಾರ್..."

ನಾನೇನು ಸತ್ಯಹರಿಶ್ಚಂದ್ರ ಅಲ್ಲ. ಎರಡು ಸಾವಿರ ಅಡ್ವಾನ್ಸ್ ಕೊಟ್ಟು, ಶನಿವಾರ ಬಂದು ಒಯ್ತೀನಿ ಅಂತ ಹೇಳಿ ಬಂದೆ. ಮನೆಗೆ ಬರೋವಷ್ಟರಲ್ಲಿ ಆ ಏಡಿಮರಿ ತಲೆಯೊಳಗೆ ಕೂತಿತ್ತು.

ಯಾಕಂದರೆ ಇದು ನನ್ನ ಎರಡನೇ ಜೀವಗಲ್ಲು. ಮೊದಲನೆಯದು ಬೈಂದೂರಿನ ಸೋಮೇಶ್ವರದ ಬಂಡೆಗಳ ಹತ್ತಿರ ಸಿಕ್ಕಿದ್ದು, ನನಗಾಗ ಒಂಬತ್ತು ವರ್ಷ. ಕಡಲು ಇಳಿದಾಗ ಬಂಡೆಯ ಗುಂಡಿಯಲ್ಲಿ ನಿಂತ ನೀರು, ಅದರಲ್ಲೊಂದು ಕಲ್ಲು, ಕಲ್ಲಿನ ಮೇಲೆ ಚಿಪ್ಪು, ಪಾಚಿ, ಒಂದು ಸಣ್ಣ ಏಡಿ. ಸ್ಟೀಲ್ ಬಕೆಟ್ಟಿನಲ್ಲಿ ಕಡಲ ನೀರು ತುಂಬಿಸಿ ಅದನ್ನು ಅಮ್ಮಮ್ಮನ ಮನೆ ಜಗಲಿಗೆ ತಂದೆ. "ಅದ್ ಕಡ್ಲಂದ್ ಮಗಾ, ಇಲ್ಲ್ ಬದ್ಕುದಿಲ್ಲ" ಅಂದರು ಅಮ್ಮಮ್ಮ. ಕೇಳಬೇಕಲ್ಲ! ಮೂರನೇ ದಿನ ಮನೆಯೆಲ್ಲ ಕೊಳೆತ ಮೀನಿನ ನಾತ. ಅಮ್ಮಮ್ಮನೇ ಮೂಗು ಮುಚ್ಚಿಕೊಂಡು ತೆಂಗಿನ ಬುಡಕ್ಕೆ ಸುರಿದು ಬಂದರು. ಏಡಿ ಬುಡಮೇಲಾಗಿತ್ತು.

ಆ ಬಕೆಟ್ಟಿನಲ್ಲಿ ಏನಾಯ್ತು ಅನ್ನೋದು ನನಗೆ ಸರಿಯಾಗಿ ಗೊತ್ತಾಗಿದ್ದು ಮೂವತ್ತು ವರ್ಷದ ಮೇಲೆ, ಶನಿವಾರ ಬರೋ ಮುಂಚೆ ಕೂತು ಓದಿದ ನಾಲ್ಕು ರಾತ್ರಿಗಳಲ್ಲಿ. ಓದುತ್ತಾ ಹೋದರೆ ಇದು 1840ರ ದಶಕಕ್ಕೆ ಹೋಗಿ ನಿಂತಿತು.

ಅದಕ್ಕೂ ಮುಂಚೆ, 1832ರಲ್ಲೇ, ಸಿಸಿಲಿಯ ಮೆಸ್ಸಿನಾದಲ್ಲಿ ಜೀನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆ ಗಾಜಿನ ತೊಟ್ಟಿಯಲ್ಲಿ ಅರ್ಗೊನಾಟ್ ಎಂಬ ಆಕ್ಟೋಪಸ್ ಜಾತಿಯ ಜೀವಿಯನ್ನು ಸಾಕಿ, ಅದು ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತೆ ಅಂತ ತೋರಿಸಿದ್ದಳು. ಆದರೆ ಆಕೆಯ ಮನೆ ಕಡಲ ಪಕ್ಕದಲ್ಲೇ ಇತ್ತು. ನೀರು ಬದಲಿಸೋದು ಕಷ್ಟವಿರಲಿಲ್ಲ. ನಮ್ಮ ಹಾಗೆ ಕಡಲಿಂದ ದೂರ ಇರುವವರ ಗೋಳು ಶುರುವಾಗೋದು ಲಂಡನ್ನಿನ ಆನ್ನಾ ಥಿನ್ ಎಂಬಾಕೆಯಿಂದ.

ಆಕೆಯ ಗಂಡ ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಪಾದ್ರಿ. 1846ರಲ್ಲಿ ಟಾರ್ಕೀ ಎಂಬ ಕಡಲೂರಿಗೆ ಹೋದಾಗ ಹವಳದ ಜಾತಿಯ ಮ್ಯಾಡ್ರಿಪೋರ್‌ಗಳು ಕಣ್ಣಿಗೆ ಬಿದ್ದವು. ಆಸೆಯಾಯಿತು. ದಾರಿಯಲ್ಲಿ ಕುಲುಕಿ ಪೆಟ್ಟಾಗಬಾರದು ಅಂತ ಸೂಜಿ ದಾರ ತೆಗೆದುಕೊಂಡು ಅವನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದುಕೊಂಡು ಲಂಡನ್ನಿಗೆ ತಂದಳಂತೆ! ತಂದ ನೀರು ಮುಗಿದರೆ ಬೇರೆ ಇಲ್ಲ. ಹಾಗಾಗಿ ಮನೆಕೆಲಸದಾಕೆ ದಿನಾ ಅರ್ಧ-ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯಬೇಕಿತ್ತು, ನಮ್ಮ ಹೋಟೆಲಿನವರು ಕಾಫಿ ಆರಿಸೋ ಹಾಗೆ. ಗಾಳಿ ಬೆರೆಯಲಿ ಅಂತ. ಆ ಹೆಂಗಸಿನ ಹೆಸರು ನಾನು ಓದಿದ ಎಲ್ಲೂ ಇಲ್ಲ. ಜಗತ್ತಿನ ಮೊದಲ ಏರ್ ಪಂಪ್ ಆಕೆಯೇ ಅಂತ ನನ್ನ ಅಭಿಪ್ರಾಯ.

ಮುಂದಿನ ವರ್ಷ, 1847ರಲ್ಲಿ, ಆನ್ನಾ ಥಿನ್ ಕಡಲಕಳೆ ಅಂಟಿಕೊಂಡ ಕಲ್ಲುಚೂರು, ಚಿಪ್ಪುಗಳನ್ನು ತರಿಸಿ ಆ ಗಾಜಿನ ಬೋಗುಣಿಗಳಿಗೆ ಹಾಕಿದಳು. ಹವಳಗಳು ಬದುಕಿದವು, ಮರಿಯನ್ನೂ ಹಾಕಿದವು. ತೊಟ್ಟಿಗೆ ಬೇಕೆಂದೇ ಆರಿಸಿ ತರಿಸಿದ ಮೊದಲ ಜೀವಗಲ್ಲು ಇದೇ ಇರಬೇಕು. ಗಿಡ ಆಮ್ಲಜನಕ ಕೊಡುತ್ತೆ, ಪ್ರಾಣಿ ಇಂಗಾಲದ ಡೈಆಕ್ಸೈಡ್ ಕೊಡುತ್ತೆ, ಎರಡೂ ಸರಿದೂಗಿದರೆ ಸಾಕು ಅನ್ನೋದು ಆಗಿನ ಲೆಕ್ಕ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗೋಲ್ಡ್‌ಫಿಶ್, ನೀರುಗಿಡ ಮತ್ತು ಕೊಳೆತ ಎಲೆ ತಿನ್ನುವ ಬಸವನಹುಳ ಇಟ್ಟು ಇದೇ ಲೆಕ್ಕವನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಲೆಕ್ಕ ಅರ್ಧ ಸರಿ. ಕಲ್ಲಿನ ಮೇಲಿನ ಹಸಿರು ಅವರಿಗೆ ಕಂಡಿತ್ತು, ಕಲ್ಲಿನ ಒಳಗಿರೋದು ಕಾಣುವಂತಿರಲಿಲ್ಲ.

ಈಗ ಕಥೆಯ ನಾಯಕ ಬರ್ತಾನೆ. ನಾಯಕನೋ ಖಳನೋ ನೀವೇ ಹೇಳಿ.

ಫಿಲಿಪ್ ಹೆನ್ರಿ ಗಾಸ್. ಆರೋಗ್ಯ ಕೆಟ್ಟು 1852ರಲ್ಲಿ ಡೆವನ್ ಕಡಲತೀರಕ್ಕೆ ಹೋದವನು. ಮಹಾ ದೈವಭಕ್ತ, ಅಷ್ಟೇ ದೊಡ್ಡ ನಿಸರ್ಗಪ್ರೇಮಿ. ಕಡಲು ಇಳಿದಾಗ ಬಂಡೆಗುಂಡಿಗಳಿಗೆ ಇಳಿಯೋದು, ಸುತ್ತಿಗೆ ಉಳಿ ಹಿಡಿದು ಕಳೆ ಬೆಳೆದ ಬಂಡೆಯ ತುಂಡನ್ನು ಬೇರು ಕೀಳದ ಹಾಗೆ ಚಕ್ಕೆ ಎಬ್ಬಿಸೋದು, ಜಾಡಿಗೆ ಹಾಕೋದು. ಕಳೆಯನ್ನು ಕಿತ್ತರೆ ಸಾಯುತ್ತೆ, ಕಲ್ಲಿನ ಸಮೇತ ತಂದರೆ ಬದುಕುತ್ತೆ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆದಾಗ ಅಲ್ಲಿನ ತೊಟ್ಟಿಗಳಿಗೆ ಜೀವಿಗಳನ್ನು ಕಳಿಸಿದವನು ಇವನೇ. 1854ರಲ್ಲಿ 'ದಿ ಅಕ್ವೇರಿಯಂ' ಅನ್ನೋ ಪುಸ್ತಕ ಬರೆದ. ಆ ಪದ ಮನೆಮಾತಾಗಿದ್ದು ಆ ಪುಸ್ತಕದಿಂದ. ಕಡಲ ನೀರು ಸಿಗದವರು ಅಡುಗೆ ಉಪ್ಪು, ಎಪ್ಸಮ್ ಸಾಲ್ಟ್ ಮತ್ತು ಇನ್ನೆರಡು ಲವಣ ಬೆರೆಸಿ ಮನೆಯಲ್ಲೇ ಮಾಡಿಕೊಳ್ಳೋ ವಿಧಾನವನ್ನೂ ಅವನೇ ಹೇಳಿಕೊಟ್ಟ.

ಕಾಲವೂ ಕೂಡಿ ಬಂದಿತ್ತು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಕಡಲೂರುಗಳಿಗೆ ಬಂದಿತ್ತು. ಲಂಡನ್ನಿನ ಮಧ್ಯಮವರ್ಗದ ಮನೆಮನೆಯಲ್ಲೂ ತೊಟ್ಟಿ! ಗಾಸ್‌ನ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಬುಟ್ಟಿ, ಜಾಡಿ, ಸುತ್ತಿಗೆ ಹಿಡಿದು ಜನ ತೀರಕ್ಕೆ ದಂಡೆತ್ತಿ ಬಂದರು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ 'ಫಾದರ್ ಅಂಡ್ ಸನ್' ಅಂತ ಅಪ್ಪನ ಬಗ್ಗೆ ಒಂದು ಪುಸ್ತಕ ಬರೆದ. ತಾನು ಬಾಲ್ಯದಲ್ಲಿ ಅಪ್ಪನ ಜೊತೆ ಬಗ್ಗಿ ನೋಡಿದ ಬಂಡೆಗುಂಡಿಗಳು, ಸಾವಿರಾರು ವರ್ಷ ಯಾರೂ ಮುಟ್ಟದೆ ಉಳಿದಿದ್ದವು, ಅಪ್ಪನ ಪುಸ್ತಕ ಓದಿ ಬಂದ ಸಂಗ್ರಾಹಕರ ಕೈಯಲ್ಲಿ ಬರಿದಾಗಿ ಹೋದವು, ಅಪ್ಪನಿಗೆ ಅದು ಕೊನೆವರೆಗೂ ಕೊರಗಾಗಿತ್ತು ಅಂತ ಅದರಲ್ಲಿ ಹೇಳ್ತಾನೆ. ಆ ಪುಟ ಓದಿದ ಮೇಲೆ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ.

ಹುಚ್ಚು ಮಾತ್ರ ಹೆಚ್ಚು ದಿನ ಉಳೀಲಿಲ್ಲ. 1860ರ ದಶಕದ ಹೊತ್ತಿಗೆ ಮನೆಮನೆಯ ತೊಟ್ಟಿಗಳು ಮೂಲೆಗೆ ಬಿದ್ದವು. ಬಹುಪಾಲು ತೊಟ್ಟಿಗಳಲ್ಲಿ ಆದದ್ದು ಅಮ್ಮಮ್ಮನ ಜಗಲಿಯಲ್ಲಿ ಆದದ್ದೇ. ಕಲ್ಲು ನೀರಿಂದ ಮೇಲೆ ಬಂದು ಪ್ರಯಾಣ ಮಾಡುವಾಗ ಅದರ ಮೇಲಿನ ಸ್ಪಂಜು, ಹುಳ, ಚಿಪ್ಪು ಸಾಯ್ತವೆ. ಸತ್ತದ್ದು ಕೊಳೆಯುತ್ತೆ, ಅಮೋನಿಯ ಏರುತ್ತೆ, ಬದುಕಿದ್ದವೂ ಸಾಯ್ತವೆ. ಅದಕ್ಕೇ ಇವತ್ತು ತಿಳಿದವರು ಹೊಸ ಕಲ್ಲನ್ನು ನೇರವಾಗಿ ತೊಟ್ಟಿಗೆ ಹಾಕೋಲ್ಲ. ಕತ್ತಲ ಡ್ರಮ್ಮಿನಲ್ಲಿ ಉಪ್ಪುನೀರು ತಿರುಗಿಸುತ್ತಾ, ಸತ್ತದ್ದನ್ನು ಬ್ರಶ್ಶಿನಲ್ಲಿ ಉಜ್ಜಿ ತೆಗೆಯುತ್ತಾ, ವಾರಗಟ್ಟಲೆ 'ಹದ' ಮಾಡ್ತಾರೆ. ಹದಕ್ಕೆ ಬಂದ ಕಲ್ಲನ್ನು ಮೂಗೇ ಹೇಳಿಬಿಡುತ್ತೆ. ಕಡಲ ಗಾಳಿಯ ವಾಸನೆ ಇದ್ದರೆ ಸರಿ, ಕೊಳೆತ ಮೊಟ್ಟೆ ವಾಸನೆ ಬಂದರೆ ಇನ್ನೂ ಇಲ್ಲ.

ಲಾಯ್ಡ್ ಎಂಬ ಇನ್ನೊಬ್ಬ ಲಂಡನ್ನಿನವನು, ವಿಲಿಯಂ ಆಲ್ಫರ್ಡ್ ಲಾಯ್ಡ್, ಗಿಡ-ಪ್ರಾಣಿ ಸಮತೋಲನದ ಮೇಲೆ ಪೂರ್ತಿ ನಂಬಿಕೆ ಇಡದೆ, ಪ್ರದರ್ಶನದ ತೊಟ್ಟಿಗಿಂತ ಎಷ್ಟೋ ಪಾಲು ದೊಡ್ಡದಾದ ಕತ್ತಲ ಟ್ಯಾಂಕೊಂದನ್ನು ಕೆಳಗಿಟ್ಟು ನೀರನ್ನು ಸದಾ ತಿರುಗಿಸೋ ಏರ್ಪಾಡು ಮಾಡಿದ. 1864ರಲ್ಲಿ ಹ್ಯಾಂಬರ್ಗ್, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಲಯ ಹೀಗೇ ನಡೆದವು. ನನ್ನ ತೊಟ್ಟಿಯ ಕೆಳಗೆ ಬೀರುವಿನೊಳಗಿರೋ 'ಸಂಪ್' ಅವನ ಮೊಮ್ಮಗ ಅನ್ನಬಹುದು.

ಹಾಗಾದರೆ ಕಲ್ಲಿನೊಳಗೆ ಏನಿದೆ ಅಂತ ಮೊದಲು ತಿಳಿದದ್ದು ಯಾರಿಗೆ? ಇಲ್ಲೇ ನನಗೆ ಮಜಾ ಸಿಕ್ಕಿದ್ದು. ಮೀನಿನ ಗಂಧಗಾಳಿ ಇಲ್ಲದವರಿಗೆ! 1877ರಲ್ಲಿ ಪ್ಯಾರಿಸ್ಸಿನಲ್ಲಿ ಷ್ಲೋಸಿಂಗ್ ಮತ್ತು ಮುಂಟ್ಜ್ ಎಂಬಿಬ್ಬರು ಚರಂಡಿ ನೀರಿನ ಮೇಲೆ ಕೆಲಸ ಮಾಡ್ತಿದ್ದರು. ಒಂದು ಮೀಟರ್ ಉದ್ದದ ಗಾಜಿನ ಕೊಳವೆಗೆ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿಂದ ಚರಂಡಿ ನೀರು ಹನಿಸಿದರು. ಮೊದಲ ಇಪ್ಪತ್ತು ದಿನ ಏನೂ ಇಲ್ಲ. ಅಮೋನಿಯ ಹೋದಹಾಗೇ ಹೊರಗೆ ಬಂತು. ಆಮೇಲೆ ಇದ್ದಕ್ಕಿದ್ದಂತೆ ನೈಟ್ರೇಟ್ ಕಾಣಿಸಿತು, ದಿನೇ ದಿನೇ ಹೆಚ್ಚಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತಲ್ಲ, ಇಪ್ಪತ್ತು ದಿನ ಯಾಕೆ ಕಾಯಬೇಕು? ಕ್ಲೋರೋಫಾರ್ಮ್ ಆವಿ ಬಿಟ್ಟರು, ನಿಂತಿತು. ಕ್ಲೋರೋಫಾರ್ಮ್ ತೆಗೆದರೂ ತಾನಾಗಿ ಶುರುವಾಗಲಿಲ್ಲ. ಒಂದಿಷ್ಟು ಮಣ್ಣು ಕಲಸಿದ ನೀರು ಹಾಕಿದರು, ಕೆಲ ದಿನಕ್ಕೆ ಮತ್ತೆ ಶುರು! ಅಂದರೆ ಕೆಲಸ ಮಾಡ್ತಿರೋದು ಜೀವಿಗಳು. 1890ರಲ್ಲಿ ವಿನೊಗ್ರಾಡ್‌ಸ್ಕಿ ಎಂಬ ರಷ್ಯದವನು ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿಯೇ ತೋರಿಸಿದ.

ಮರಳು, ಸುಣ್ಣಕಲ್ಲು, ಗಲೀಜು ನೀರು, ಇಪ್ಪತ್ತು ದಿನದ ಕಾಯುವಿಕೆ. ಹೊಸ ತೊಟ್ಟಿ ಇಟ್ಟ ಯಾರನ್ನಾದರೂ ಕೇಳಿ, ಇದು ಅವರ ಮನೆಯ ಕಥೆಯೇ. ಆ ಕೊಳವೆಯ ಸುದ್ದಿ ಮೀನು ಸಾಕುವವರ ಕಿವಿಗೆ ಬೀಳಲು ಮಾತ್ರ ಬಹಳ ದಶಕ ಬೇಕಾಯಿತು. ಚರಂಡಿಯವರು ಒಂದು ಕಡೆ, ಮೀನಿನವರು ಇನ್ನೊಂದು ಕಡೆ.

ಇಪ್ಪತ್ತನೇ ಶತಮಾನದ ನಡುವೆ ನಮ್ಮ ಏಷ್ಯಾದ ಒಬ್ಬರು ಬರ್ತಾರೆ. ಇಂಡೊನೇಶ್ಯಾದ ಜಕಾರ್ತದಲ್ಲಿದ್ದ ಚೀನೀ ಮೂಲದ ಲೀ ಚಿನ್ ಎಂಗ್. ಅಮೆರಿಕ, ಯೂರೋಪಿನವರೆಲ್ಲ ಆಗ ಉಪ್ಪುನೀರಿನ ತೊಟ್ಟಿಯನ್ನು ಆಸ್ಪತ್ರೆಯಂತೆ ಇಡ್ತಿದ್ದರು. ಬೆಳ್ಳಗೆ ತೊಳೆದ ಸತ್ತ ಹವಳ, ತಾಮ್ರದ ಔಷಧಿ, ಒಂದು ಹುಳ ಕಂಡರೂ ಹೆದರಿಕೆ. ಈ ಮನುಷ್ಯ ಕಡಲಿಂದ ಜೀವಂತ ಕಲ್ಲು, ಮರಳು, ಹವಳ, ನೀರು ಎಲ್ಲ ತಂದು ತೊಟ್ಟಿಗೆ ಹಾಕಿ, ಬಿಸಿಲು ಬೀಳೋ ಕಡೆ ಇಟ್ಟು, ಗಾಳಿಯ ಗುಳ್ಳೆ ಬಿಟ್ಟು ಸುಮ್ಮನಾದ. ಫಿಲ್ಟರ್ ಇಲ್ಲ. ಹವಳವೂ ಬದುಕಿತು, ಮೀನೂ ಬದುಕಿತು. 1961ರಲ್ಲಿ ಅಮೆರಿಕದ 'ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್' ಪತ್ರಿಕೆಯಲ್ಲಿ ಇದನ್ನು ಬರೆದ. ಓದಿದವರು ಮಾಡಿ ನೋಡಿದರು, ಹಲವರ ತೊಟ್ಟಿ ಕೊಳೆಯಿತು. ಕಡಲ ಪಕ್ಕದ ಜಕಾರ್ತಕ್ಕೂ ಚಳಿಯ ಷಿಕಾಗೋಗೂ ವ್ಯತ್ಯಾಸ ಇಲ್ಲವೇ? ಕಲ್ಲು ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ಸತ್ತಿರುತ್ತಿತ್ತು.

ಅದನ್ನು ನಿಲ್ಲಿಸಿದವರು ಜರ್ಮನರು. 1970-80ರ ದಶಕದಲ್ಲಿ ಬರ್ಲಿನ್ನಿನ ಹವ್ಯಾಸಿಗಳು ಜೀವಗಲ್ಲಿನ ಜೊತೆ ನೊರೆ ಎಬ್ಬಿಸಿ ಜಿಡ್ಡುಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರ ಮತ್ತು ಜೋರು ದೀಪ ಸೇರಿಸಿದರು. ಇದಕ್ಕೆ ಬರ್ಲಿನ್ ಪದ್ಧತಿ ಅಂತಲೇ ಹೆಸರಾಯಿತು. ಸ್ವಿಟ್ಜರ್‌ಲೆಂಡಿನ ಪೀಟರ್ ವಿಲ್ಕೆನ್ಸ್ ಬರೆದ ಪುಸ್ತಕಗಳು, ಬರ್ಲಿನ್ನಿನ ಡೀಟ್ರಿಷ್ ಸ್ಟೂಬರ್ ತೊಟ್ಟಿಯಲ್ಲಿ ಬೆಳೆದು ತುಂಡುತುಂಡಾಗಿ ಊರೂರಿಗೆ ಹಂಚಿಹೋದ ಅಕ್ರೊಪೋರಾ ಹವಳ, ಇವೆಲ್ಲ ಈ ಹವ್ಯಾಸದಲ್ಲಿ ದಂತಕಥೆ. ಹೀಗೆ ಒಂದು ತುಂಡು ಮುರಿದು ಇನ್ನೊಬ್ಬರಿಗೆ ಕೊಡೋದು, ನಮ್ಮಲ್ಲಿ ದಾಸವಾಳದ ಕಡ್ಡಿ ಕೊಟ್ಟ ಹಾಗೆ.

ಮರಳಿನ ಪಾಲು ಫ್ರಾನ್ಸಿನ ಜಾನ್ ಜೋಬೆರ್ ಅವರದ್ದು. ನೀಸ್, ಮೊನಾಕೊಗಳಲ್ಲಿ ಕೆಲಸ ಮಾಡಿದ ಪ್ರೊಫೆಸರ್. 1980ರ ದಶಕದ ಕೊನೆಗೆ ಅವರು ತೋರಿಸಿದ್ದು ಇಷ್ಟು. ತೊಟ್ಟಿಯ ತಳದಲ್ಲಿ ಜಾಲರಿ ಇಟ್ಟು, ಕೆಳಗೆ ಖಾಲಿ ಜಾಗ ಬಿಟ್ಟು, ಮೇಲೆ ದಪ್ಪ ಪದರವಾಗಿ ಹವಳದ ದಪ್ಪ ಮರಳು ಹಾಕಿದರೆ, ಆ ಮರಳೇ ಆಳದಲ್ಲಿ ನೈಟ್ರೇಟ್ ತಿಂದುಹಾಕುತ್ತೆ. ಅಮೆರಿಕದವರು ಜಾಲರಿ ಬಿಟ್ಟು ಬರೀ ನಯವಾದ ಮರಳನ್ನೇ ಆಳವಾಗಿ ಹಾಕಿ ಅದರ ತುಂಬ ಹುಳ ಸಾಕೋದು ಶುರು ಮಾಡಿದರು. ಯಾವುದು ಸರಿ ಅಂತ ಇವತ್ತಿಗೂ ಜಗಳ. ನಾನು ಎರಡೂ ಬಿಟ್ಟು ಬರೀ ಎರಡಂಗುಲ ಹಾಕಿದ್ದೀನಿ. ಆಳದ ಮರಳು ಕದಡಿದರೆ ಒಳಗಿನ ವಿಷಗಾಳಿ ಹೊರಗೆ ಬರುತ್ತೆ ಅಂತಾರೆ. ನನ್ನ ಮಗಳು ಕೈಹಾಕಿ ಕದಡದೆ ಬಿಡೋಲ್ಲ ಅನ್ನೋದು ನನಗೆ ಗೊತ್ತು.

ಮರಳಿನ ಮಾತು ಬಂತು, ಹೇಳಿಬಿಡ್ತೀನಿ. ನಮ್ಮ ಕರಾವಳಿಯ ಮರಳು ಬಹುಪಾಲು ಬೆಣಚುಕಲ್ಲಿನದು. ತೊಟ್ಟಿಗೆ ಹೇಳುವುದು ಅರಗೊನೈಟ್, ಅಂದರೆ ಚಿಪ್ಪು, ಹವಳಗಳ ಸುಣ್ಣದ ಮರಳು. ಬಹಾಮಾಸ್ ದ್ವೀಪಗಳ ಕಡೆ ಕಡಲ ನೀರಲ್ಲೇ ಸುಣ್ಣ ಕಣಕಣವಾಗಿ ಕಟ್ಟಿ ಸಾಸಿವೆಗಿಂತ ಸಣ್ಣ ಉಂಡೆಯಾಗುತ್ತೆ, ಅದನ್ನೇ ಚೀಲಗಳಲ್ಲಿ ತುಂಬಿ ಮಾರ್ತಾರೆ. ಅರಗೊನೈಟ್ ಕರಗಿ ನೀರಿನ ಹದ ಕಾಯುತ್ತೆ ಅಂತ ಅಂಗಡಿಯವರು ಉಬ್ಬಿಸಿ ಹೇಳ್ತಾರೆ. ಹವಳದ ತೊಟ್ಟಿಯ ನೀರಲ್ಲಿ ಆಗಲೇ ಸುಣ್ಣ ತುಂಬಿ ತುಳುಕುತ್ತಿರುತ್ತೆ, ಅಲ್ಲಿ ಅದು ಹೇಳಿಕೊಳ್ಳುವಷ್ಟೇನೂ ಕರಗೋಲ್ಲ. ಬೆಳ್ಳಗೆ ಚಂದ ಕಾಣುತ್ತೆ, ಬ್ಯಾಕ್ಟೀರಿಯಕ್ಕೆ ಮನೆಯಾಗುತ್ತೆ. ಅಷ್ಟು ಸಾಕಲ್ಲ.

ಇನ್ನೊಂದು ವಿಷಯ ಓದಿ ಎದ್ದು ಕೂತೆ. ಕಡಲಲ್ಲಿ ಅಮೋನಿಯವನ್ನು ಬದಲಾಯಿಸೋದು ಬ್ಯಾಕ್ಟೀರಿಯ ಮಾತ್ರ ಅಂತ ವಿನೊಗ್ರಾಡ್‌ಸ್ಕಿ ಕಾಲದಿಂದ ನಂಬಿಕೆ ಇತ್ತು. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಆರ್ಕಿಯ ಎಂಬ ಬೇರೆಯೇ ವಂಶದ ಸೂಕ್ಷ್ಮಜೀವಿಯೊಂದು ಇದೇ ಕೆಲಸ ಮಾಡುತ್ತೆ, ನೈಟ್ರೊಸೊಪ್ಯುಮಿಲಸ್ ಅದರ ಹೆಸರು. ಅದರ ಬಂಧುಬಳಗ ಸಾಗರಗಳಲ್ಲೆಲ್ಲ ಅಪಾರವಾಗಿದೆ. ಆದರೆ ಅದನ್ನು ಮೊದಲು ಹಿಡಿದದ್ದು ಎಲ್ಲಿ ಗೊತ್ತಾ? ನಡುಗಡಲಲ್ಲಲ್ಲ. ಅಮೆರಿಕದ ಸಿಯಾಟಲ್ ಮತ್ಸ್ಯಾಲಯದ ಉಷ್ಣವಲಯದ ತೊಟ್ಟಿಯ ತಳದ ಕಲ್ಲುಚೂರಿನಲ್ಲಿ! ಜೀವಮರಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿಲ್ಲ ಅಂತ ನನ್ನ ಅಂಬೋಣ.

ಗುರುವಾರ ರಾತ್ರಿ ಓದಿದ್ದು ಬೇರೆ ಥರದ್ದು.

1980ರ ದಶಕದ ಕೊನೆಗೆ ಬರ್ಲಿನ್ ಪದ್ಧತಿ ಅಮೆರಿಕಕ್ಕೆ ಬಂದಾಗ ಗಾಸ್‌ನ ಕಾಲವೇ ಮರಳಿತು. ಈ ಸಲ ಬುಟ್ಟಿಯಲ್ಲಲ್ಲ, ಟನ್ ಲೆಕ್ಕದಲ್ಲಿ. ಫ್ಲಾರಿಡಾದಲ್ಲಿ ಕಡಲತಳದಿಂದ ಕಲ್ಲು ಕಿತ್ತು ಮಾರುವ ದಂಧೆ ಎಷ್ಟು ಬೆಳೆಯಿತೆಂದರೆ 1989ರಲ್ಲಿ ಆ ರಾಜ್ಯ ತನ್ನ ನೀರಿನಲ್ಲಿ ಅದನ್ನು ನಿಷೇಧಿಸಿತು, 90ರ ದಶಕದ ನಡುವೆ ಕೇಂದ್ರ ಸರಕಾರವೂ ಆಚೆಯ ನೀರಿನಲ್ಲಿ ಬಾಗಿಲು ಹಾಕಿತು. ಕಲ್ಲು ಬೆಳೆಯೋದಿಲ್ಲ ಅನ್ನೋದು ಕಾರಣ. ಮೀನು ಹಿಡಿದರೆ ಮತ್ತೆ ಮರಿಯಾಗುತ್ತೆ, ಹವಳದ ದಿಬ್ಬದ ಕಲ್ಲು ಸಾವಿರಾರು ವರ್ಷದ್ದು. ಆಮೇಲೆ ಅಲ್ಲಿನವರು ಗಣಿಯ ಸುಣ್ಣಕಲ್ಲನ್ನು ಗುತ್ತಿಗೆ ಪಡೆದ ಕಡಲತಳದಲ್ಲಿ ಸುರಿದು, ವರ್ಷಗಟ್ಟಲೆ ಬಿಟ್ಟು, ಜೀವ ಹತ್ತಿದ ಮೇಲೆ ಎತ್ತಿ ಮಾರಲು ಕಲಿತರು. ಕಲ್ಲಿನ ಬೇಸಾಯ! ವ್ಯಾಪಾರ ಮಾತ್ರ ಫಿಜಿ, ಟೊಂಗಾ, ಇಂಡೊನೇಶ್ಯಾಗಳಿಗೆ ಸರಿಯಿತು. 2017ರ ಕೊನೆಗೆ ಫಿಜಿ ಕೂಡ ಸಾಕು ಅಂದಿತು.

ನಮ್ಮ ದೇಶದಲ್ಲೋ... ಮನ್ನಾರ್ ಕೊಲ್ಲಿಯಲ್ಲಿ, ರಾಮೇಶ್ವರದಿಂದ ತೂತ್ತುಕುಡಿಯವರೆಗೆ, 21 ದ್ವೀಪಗಳ ಸಾಲು. ಸುತ್ತ ಹವಳ. ದಶಕಗಟ್ಟಲೆ ಅಲ್ಲಿನ ಹವಳವನ್ನು ಕಡಿದು ದೋಣಿಯಲ್ಲಿ ತುಂಬಿ ಸುಣ್ಣಕ್ಕೆ, ಕಾರ್ಖಾನೆಗೆ ಸಾಗಿಸಿದರು. 1986ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಮೇಲೂ ಕಳ್ಳತನದಲ್ಲಿ ಬಹಳ ವರ್ಷ ನಡೆಯಿತು. ಅಲೆ ತಡೆಯೋ ಗೋಡೆಯೇ ಹೋದ ಮೇಲೆ ಎರಡು ದ್ವೀಪ, ವಿಲಂಗುಚಳ್ಳಿ ಮತ್ತು ಪೂವರಸನ್‌ಪಟ್ಟಿ, ನೀರಿನೊಳಗೆ ಹೋದವು. ನನ್ನ ಅಮ್ಮಮ್ಮನ ಎಲೆಯಡಿಕೆ ಸುಣ್ಣ ನಮ್ಮೂರ ಚಿಪ್ಪು ಸುಟ್ಟು ಮಾಡಿದ್ದು. ಅಲ್ಲಿ ಸುಟ್ಟಿದ್ದು ದ್ವೀಪದ ಕಾಲನ್ನೇ.

2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳೂ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ ಸೇರಿದವು. ಹುಲಿ ಇರೋ ಪಟ್ಟಿ ಅದು. ನೀಲಿ ಟಬ್ಬಿನಲ್ಲಿ ಒದ್ದೆ ಗೋಣಿಚೀಲದಡಿ ಇದ್ದದ್ದು, ಕಾನೂನಿನ ಕಣ್ಣಲ್ಲಿ, ಹುಲಿಯ ಸಂಬಂಧಿ.

ಶನಿವಾರ ನಾನು ಹೋಗಲಿಲ್ಲ. ಎರಡು ಸಾವಿರ ಹೋಯಿತು, ಕೇಳಲೂ ಇಲ್ಲ. ಅದನ್ನು ಯಾರಿಗಾದರೂ ಹೇಳಬೇಕಿತ್ತೇನೋ, ಹೇಳಲಿಲ್ಲ. ಆ ಟಬ್ಬು ಬೇರೆ ಯಾರದೋ ಮನೆಗೆ ಹೋಗಿರುತ್ತೆ. ಈ ಒಂದು ವಿಷಯದಲ್ಲಿ ನನ್ನ ಬಗ್ಗೆ ನನಗೆ ಹೆಮ್ಮೆಯಿಲ್ಲ.

ಕೊನೆಗೆ ತಂದದ್ದು ಒಣಕಲ್ಲು. ನೆಲದ ಮೇಲಿನ ಗಣಿಯಿಂದ ತೆಗೆದ, ಎಂದೋ ಕಡಲಿದ್ದ ಜಾಗದ ಹಳೇ ಹವಳಗಲ್ಲು, ಬಿಲ್ ಸಮೇತ. ಆರಿಸೋದು ಸುಲಭ. ಕೈಯಲ್ಲಿ ಎತ್ತಿದರೆ ಗಾತ್ರಕ್ಕಿಂತ ಹಗುರ ಅನ್ನಿಸಬೇಕು, ಅಂದರೆ ಒಳಗೆ ತೂತು ಹೆಚ್ಚು. ಹಗುರ ಕಲ್ಲಾದ್ದರಿಂದ 16 ಕೆಜಿಗೇ ತೊಟ್ಟಿ ತುಂಬಿತು. ಅಂಗಡಿಯಲ್ಲಿ ನೇರಳೆ ಬಣ್ಣ ಬಳಿದ ಕಲ್ಲೂ ಇತ್ತು, ವರ್ಷಗಟ್ಟಲೆ ಕಡಲಲ್ಲಿದ್ದು ಬಂದ ಹಾಗೆ ಕಾಣಲಿ ಅಂತ. ನನಗೆ ಗಾಸ್ ನೆನಪಾದ. 1857ರಲ್ಲಿ ಅವನು 'ಓಂಫಲಸ್' ಅಂತ ಒಂದು ಪುಸ್ತಕ ಬರೆದು, ದೇವರು ಭೂಮಿಯನ್ನು ಸೃಷ್ಟಿಸುವಾಗಲೇ ಬಂಡೆಯೊಳಗೆ ಪಳೆಯುಳಿಕೆ ಇಟ್ಟು, ಹಳೆಯದಾಗಿ ಕಾಣುವಂತೆಯೇ ಸೃಷ್ಟಿಸಿದ ಅಂತ ವಾದಿಸಿ ನಗೆಪಾಟಲಾಗಿದ್ದ. ಪಾಪ, ನೂರೈವತ್ತು ವರ್ಷ ಮುಂಚೆ ಹುಟ್ಟಿಬಿಟ್ಟ. ಈಗ ಹುಟ್ಟಿದ್ದರೆ ಕಲ್ಲಿನ ಅಂಗಡಿ ಇಡಬಹುದಿತ್ತು :-)

ಒಣಕಲ್ಲಿನಲ್ಲಿ ಕಳ್ಳ ಅತಿಥಿಗಳೂ ಇರೋಲ್ಲ. ಇಂಗ್ಲೆಂಡಿನ ನ್ಯೂಕೀ ಎಂಬ ಊರಿನ ಮತ್ಸ್ಯಾಲಯದಲ್ಲಿ ರಾತ್ರಿ ಹವಳಗಳನ್ನು ಯಾರೋ ಕಡಿದುಹಾಕುತ್ತಿದ್ದರು. 2009ರಲ್ಲಿ ಕಲ್ಲನ್ನೆಲ್ಲ ತೆಗೆದು ನೋಡಿದರೆ ಒಳಗೆ ನಾಲ್ಕಡಿ ಉದ್ದದ ಹುಳ! ಇದನ್ನು ಹೆಂಡತಿಗೆ ಹೇಳಬಾರದಿತ್ತು.

ಆದರೆ ಜೀವ? ಒಣಕಲ್ಲು ಅಂದರೆ ಕ್ಲೋರೋಫಾರ್ಮ್ ಬಿಟ್ಟ ಕೊಳವೆ. ಎಷ್ಟು ದಿನ ಕಾದರೂ ತಾನಾಗಿ ಏಡಿ ಬರೋಲ್ಲ. ಷ್ಲೋಸಿಂಗ್-ಮುಂಟ್ಜ್ ಮಾಡಿದ್ದನ್ನೇ ನಾನೂ ಮಾಡಿದೆ. ಮೈಸೂರಿನಲ್ಲಿ ಗೆಳೆಯನೊಬ್ಬನ ತೊಟ್ಟಿ ಹನ್ನೊಂದು ವರ್ಷದಿಂದ ನಡೀತಾ ಇದೆ. ಅವನ ಮನೆಗೆ ಹೋಗಿ ಎರಡು ಲೋಟ ಮರಳು ಕೇಳಿದೆ. "ಮಾರಾಯ, ಸಕ್ಕರೆ ಕೇಳೋ ಹಾಗೆ ಕೇಳ್ತೀಯಲ್ಲೋ" ಅಂತ ನಕ್ಕು, ಟಿಫಿನ್ ಡಬ್ಬಿಯಲ್ಲಿ ಹಾಕಿಕೊಟ್ಟ. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದೆ. ಮಂಡ್ಯದ ಹತ್ತಿರ ಪಕ್ಕದವರು "ಏನ್ಸಾರ್ ತಿಂಡಿ?" ಅಂತ ಕೇಳಿದರು.

ಮೂರು ವಾರ ಅಮೋನಿಯ ಪರೀಕ್ಷೆಯ ಬಣ್ಣ ಹಸಿರಿಗೇ ನಿಂತಿತ್ತು. "ಖಾಲಿ ಕಲ್ಲಿಗೆ ಇಷ್ಟು ಕರೆಂಟು ಬಿಲ್ಲಾ?" ಅಂದಳು ಹೆಂಡತಿ. ಮಗಳು ಮಾತಾಡೋದು ಬಿಟ್ಟು ತೊಟ್ಟಿಯ ಪಕ್ಕ ಹಾದುಹೋಗೋದು ಕಲಿತಳು. ನಾಲ್ಕನೇ ವಾರ ಬಣ್ಣ ಹಳದಿಗೆ ಇಳಿಯಿತು. ಕಲ್ಲಿನ ಮೇಲೆ ಕಂದು ಬಣ್ಣದ ಪಾಚಿ ಹಿಡಿಯಿತು. ನೋಡಲು ಕೊಳಕು, ನನಗೆ ಸಂಭ್ರಮ.

ಮೊನ್ನೆ ರಾತ್ರಿ ದೀಪ ಆರಿಸಿ ಮಲಗುವ ಹೊತ್ತಿಗೆ ಮಗಳು ಮೊಬೈಲಿನ ಟಾರ್ಚ್ ಹಿಡಿದು ಗಾಜಿಗೆ ಮೂಗು ಒತ್ತಿ ಕೂತಿದ್ದಳು. "ಅಪ್ಪಾ, ಇಲ್ಲಿ ಏನೋ ಓಡಾಡ್ತಿದೆ." ಹೋಗಿ ಬಗ್ಗಿ ನೋಡಿದೆ. ರವೆಕಾಳಿಗಿಂತ ಸಣ್ಣ, ಬೆಳ್ಳನೆಯ ಕೊಪೆಪಾಡ್ ಮರಿಗಳು, ಐದೋ ಆರೋ, ಗಾಜಿನ ಮೇಲೆ ಸರಸರ ಹರೀತಿದ್ದವು. ಅವಳು ಎಣಿಸ್ತಾ ಹೋದಳು. ಹದಿನೇಳರವರೆಗೆ ಎಣಿಸಿದ ಮೇಲೆ ಒಂದು ಕಲ್ಲಿನ ತೂತಿನೊಳಗೆ ಹೋಯಿತು, ಅದು ವಾಪಸ್ ಬರಲಿ ಅಂತ ಕಾಯ್ತಾ ಕೂತಳು.